ಆಟ ಒಂದೇ ಬಯಲಲ್ಲಿ, ಊಟ ಬೇರೆ ಕೇರಿಯಲ್ಲಿ

1

ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಇದೆ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡು ದೊಣ್ಣೆಯಿಂದ ಅದನ್ನು ಬಾರಿಸಿ ಓಡುತ್ತಾನೆ. ನಾಲ್ಕು ಮೂಲೆ ಸುತ್ತಿ ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಚಿನ್ನಿದಾಂಡು, ಲಗೋರಿ ಆಡಿ ಬೆಳೆದವರಿಗೆ ಇದೇನು ತಿಳಿಯದ ವಿದ್ಯೆ ಅಲ್ಲ.

ಈ ಆಟದ ಪಂದ್ಯಗಳು ಏಪ್ರಿಲ್ ಹೊತ್ತಿಗೆ ಶುರುವಾಗುತ್ತವೆ. ಅದಕ್ಕೂ ಮೊದಲು, ಫೆಬ್ರವರಿ ನಡುವಿನಿಂದ ಮಾರ್ಚ್ ಮುಗಿಯುವವರೆಗೆ ಒಂದು ತಾಲೀಮು ನಡೆಯುತ್ತದೆ. ಉತ್ತರದ ದೊಡ್ಡ ಪಟ್ಟಣಗಳಲ್ಲಿ ಆಗಿನ್ನೂ ಕೊರೆಯುವ ಚಳಿ. ಹಾಗಾಗಿ ತಂಡಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಿಸಿಲಿರುವ ಕಡೆ, ದಕ್ಷಿಣದ ಫ್ಲೋರಿಡಾಕ್ಕೋ ಪಶ್ಚಿಮದ ಅರಿಜೋನಾಕ್ಕೋ ಹೋಗುತ್ತವೆ. ಇದನ್ನು ಸ್ಪ್ರಿಂಗ್ ಟ್ರೈನಿಂಗ್ ಅಂತಾರೆ. ನಾವು ವಸಂತದ ತಾಲೀಮು ಅನ್ನೋಣ. ಈ ದಿನಗಳಲ್ಲಿ ಆಡುವ ಪಂದ್ಯಗಳಲ್ಲಿ ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ. ಆದರೂ ತಂಡದ ಮೇಲೆ ಜೀವ ಇಟ್ಟುಕೊಂಡ ಜನ ದಿನಾ ಬೆಳಗಾದರೆ ಪತ್ರಿಕೆ ಬಿಡಿಸಿ ನೋಡುತ್ತಾರೆ. ಹೊಸ ಹುಡುಗ ಹೇಗೆ ಆಡಿದ? ಹಳಬನ ತೋಳುನೋವು ವಾಸಿಯಾಯ್ತಾ? ಈ ವರ್ಷ ನಮಗೆ ಯೋಗ ಇದೆಯಾ? ಎಲ್ಲ ತಂಡಗಳೂ ಸಮಾನವಾಗಿ ನಿಂತು ಕನಸು ಕಾಣುವ ಕಾಲ ಇದು ಅಂತ ಆ ದೇಶದ ಲೇಖಕರು ಬಹಳ ಚೆಂದವಾಗಿ ಬರೆಯುತ್ತಾರೆ.

ಸಮಾನ ಅನ್ನೋ ಈ ಮಾತಿನ ಮೇಲೆ ನಮಗೆ ತಕರಾರಿದೆ.

ಶಾಲೆಯ ಪುಸ್ತಕಗಳಲ್ಲಿ ಒಂದು ಕಥೆ ಬರುತ್ತದೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಅನ್ನೋ ಕರಿಯ ಹುಡುಗ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೈದಾನಕ್ಕಿಳಿದ, ಬಣ್ಣದ ಗೋಡೆ ಬಿತ್ತು, ಎಲ್ಲ ಸುಖವಾಯ್ತು ಅನ್ನೋ ಕಥೆ. ಅವನು ಮೈದಾನಕ್ಕಿಳಿದದ್ದು ನಿಜ. ಆದರೆ ಡಾಡ್ಜರ್ಸ್ ತಂಡವನ್ನು ವರ್ಷವರ್ಷವೂ ವಸಂತದ ತಾಲೀಮಿಗೆ ಹಿಂಬಾಲಿಸಿ ಹೋಗಿ ನೋಡಿ. ಗೋಡೆ ಬಿದ್ದದ್ದು ಆಟದ ಗೆರೆಯ ಒಳಗೆ ಮಾತ್ರ ಅಂತ ತಿಳಿಯುತ್ತದೆ. ಗೆರೆ ದಾಟಿ ಹೊರಗೆ ಬಂದರೆ ಮಲಗುವ ಮಂಚಕ್ಕೆ, ಉಣ್ಣುವ ತಟ್ಟೆಗೆ, ಕುಡಿಯುವ ನೀರಿಗೆ ಇನ್ನೂ ಹದಿನೈದು ವರ್ಷ ಕಾಯಬೇಕಾಯಿತು. ಈ ಹದಿನೈದು ವರ್ಷಗಳ ಚರಿತ್ರೆಯನ್ನು ನಾವು ಓದಬೇಕು. ಯಾಕೆಂದರೆ ಹೊಲದಲ್ಲಿ ಕೈ ಬೇಕು, ಮನೆಯೊಳಗೆ ಕಾಲು ಬೇಡ ಅನ್ನುವ ನ್ಯಾಯ ನಮಗೆ ಹೊಸದಲ್ಲ.

2

ಮೊದಲು ಈ ತಾಲೀಮಿನ ಹುಟ್ಟು ನೋಡೋಣ. ದಕ್ಷಿಣಕ್ಕೆ ಹೋಗಿ ಮೈ ಹದ ಮಾಡಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಮುಖ್ಯನಾದವನು ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್. 1886ರಲ್ಲಿ ತನ್ನ ಆಟಗಾರರನ್ನು ಆರ್ಕನ್ಸಾದ ಹಾಟ್ ಸ್ಪ್ರಿಂಗ್ಸ್ ಅನ್ನೋ ಬಿಸಿನೀರಿನ ಬುಗ್ಗೆಗಳ ಊರಿಗೆ ಕರೆದುಕೊಂಡು ಹೋದ. ಚಳಿಗಾಲದಲ್ಲಿ ಕುಡಿದು ತಿಂದು ಬೆಳೆಸಿದ ಬೊಜ್ಜು ಇಳಿಸಲಿ ಅನ್ನೋದು ಅವನ ಲೆಕ್ಕ.

ಇದೇ ಆನ್ಸನ್‌ನ ಇನ್ನೊಂದು ಕೆಲಸವೂ ಚರಿತ್ರೆಯಲ್ಲಿದೆ. 1883ರಲ್ಲಿ ಟೊಲಿಡೊ ಊರಿನಲ್ಲಿ ಎದುರಾಳಿ ತಂಡದಲ್ಲಿ ಫ್ಲೀಟ್‌ವುಡ್ ವಾಕರ್ ಅನ್ನೋ ಕರಿಯ ಆಟಗಾರ ಇದ್ದಾನೆ, ಅವನಿದ್ದರೆ ನಾವು ಆಡೋದಿಲ್ಲ ಅಂತ ಹಟ ಹಿಡಿದ. ಆ ದಿನ ಟೊಲಿಡೊದವರು ಬಗ್ಗಲಿಲ್ಲ. ಆಡದಿದ್ದರೆ ಟಿಕೆಟ್ ಹಣದ ಪಾಲು ಹೋಗುತ್ತದೆ ಅಂದಾಗ ಆನ್ಸನ್ ಬಾಯಿ ಮುಚ್ಚಿಕೊಂಡು ಆಡಿದ. ನೋಡಿ, ಮೈಲಿಗೆ ಕೂಡ ಹಣದ ಮುಂದೆ ತೊಳೆದುಹೋಗುತ್ತದೆ. ಮುಂದಿನ ವರ್ಷ, 1884ರಲ್ಲಿ, ವಾಕರ್ ದೊಡ್ಡ ಲೀಗಿನಲ್ಲೇ ಆಡಿದ. ಆದರೆ 1887ರಲ್ಲಿ ಆನ್ಸನ್ ನ್ಯೂವಾರ್ಕ್ ತಂಡದ ಜಾರ್ಜ್ ಸ್ಟೋವಿ ಅನ್ನೋ ಕರಿಯ ಎಸೆತಗಾರನ ಎದುರು ಮತ್ತೆ ಅದೇ ಹಟ ಮಾಡಿದ. ಈ ಸಲ ಗೆದ್ದ. ಅದೇ ದಿನಗಳಲ್ಲಿ ಆ ಲೀಗಿನ ಮಾಲೀಕರು ಸೇರಿ ಇನ್ನು ಮೇಲೆ ಹೊಸದಾಗಿ ಕರಿಯರನ್ನು ತೆಗೆದುಕೊಳ್ಳೋದು ಬೇಡ ಅಂತ ತೀರ್ಮಾನಿಸಿದರು. ಆಮೇಲೆ ದೊಡ್ಡ ಲೀಗುಗಳಲ್ಲಿ ಕಾಗದದ ಮೇಲೆ ಎಲ್ಲೂ ಬರೆಯದ ಒಂದು ಕಾನೂನು ಸುಮಾರು ಅರವತ್ತು ವರ್ಷ ಆಳಿತು. ಬರೆಯದ ಕಾನೂನಿಗೆ ಬರೆದದ್ದಕ್ಕಿಂತ ಬಲ ಹೆಚ್ಚು ಅಂತ ನಮ್ಮ ಹಳ್ಳಿಯ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ.

ಹೊರಗಿಟ್ಟ ಜನ ಕೈಕಟ್ಟಿ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಮುಂದಾಳಾಗಿ ಕರಿಯರದೇ ಲೀಗು ಕಟ್ಟಿದರು. ಅದರ ಆಟಗಾರರು ಬಸ್ಸಿನಲ್ಲೇ ಮಲಗಿ, ಊರಿಂದೂರಿಗೆ ತಿರುಗಿ, ಹೊಟ್ಟೆಗಿಷ್ಟು ಸಂಪಾದಿಸಿ ಆಡಿದರು. ಇವರ ದಾಖಲೆಗಳೂ ದೊಡ್ಡ ಲೀಗಿನ ದಾಖಲೆಗಳೇ ಅಂತ ಆಟದ ಯಜಮಾನರು ಒಪ್ಪಿದ್ದು 2020ರಲ್ಲಿ. ಅಷ್ಟರಲ್ಲಿ ಆಡಿದವರಲ್ಲಿ ಬಹುಪಾಲು ಜನ ಮಣ್ಣಾಗಿದ್ದರು.

3

ಜಾಕಿ ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಜಾರ್ಜಿಯಾದಲ್ಲಿ, ಬಿಳಿಯರ ಹೊಲವನ್ನು ಕೋರಿಗೆ ಉಳುವ ಸಂಸಾರದಲ್ಲಿ. ತಾಯಿ ಮ್ಯಾಲಿ ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮನೆಗೆಲಸ ಮಾಡಿ ಸಾಕಿದಳು. 1944ರಲ್ಲಿ ಸೈನ್ಯದಲ್ಲಿದ್ದಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗು ಅಂದ ಚಾಲಕನಿಗೆ ರಾಬಿನ್ಸನ್ ಹೋಗೋದಿಲ್ಲ ಅಂದ. ಸೇನಾ ನ್ಯಾಯಾಲಯ ವಿಚಾರಣೆ ನಡೆಸಿತು, ನಿರಪರಾಧಿ ಅಂತ ಬಿಟ್ಟಿತು. 1945ರಲ್ಲಿ ಕರಿಯರ ಲೀಗಿನ ಕಾನ್ಸಸ್ ಸಿಟಿ ತಂಡಕ್ಕೆ ಆಡುತ್ತಿದ್ದ ಅವನನ್ನು ಡಾಡ್ಜರ್ಸ್ ತಂಡದ ಯಜಮಾನ ಬ್ರಾಂಚ್ ರಿಕಿ ತನ್ನ ಕೈಕೆಳಗಿನ ಮಾಂಟ್ರಿಯಲ್ ತಂಡಕ್ಕೆ ತೆಗೆದುಕೊಂಡ. ಕರಿಯರ ತಂಡಕ್ಕೆ ಇದಕ್ಕಾಗಿ ಒಂದು ಕಾಸೂ ಕೊಡಲಿಲ್ಲ. ಉದ್ಧಾರಕರ ಕಥೆ ಹೇಳುವವರು ಈ ಲೆಕ್ಕ ಹೇಳೋದಿಲ್ಲ.

1946ರ ಫೆಬ್ರವರಿ ಕೊನೆಗೆ ರಾಬಿನ್ಸನ್ ಮತ್ತು ರೇಚಲ್ ವಸಂತದ ತಾಲೀಮಿಗೆ ಹೊರಟರು. ಮದುವೆಯಾಗಿ ಮೂರು ವಾರವೂ ಆಗಿರಲಿಲ್ಲ. ಹೊರಡುವಾಗ ತಾಯಿ ಮ್ಯಾಲಿ ಬೂಟಿನ ಡಬ್ಬಿಯಲ್ಲಿ ಹುರಿದ ಕೋಳಿ, ಬೇಯಿಸಿದ ಮೊಟ್ಟೆ ತುಂಬಿ ಬುತ್ತಿ ಕಟ್ಟಿಕೊಟ್ಟಳು. ವಿಮಾನದಲ್ಲಿ ಹೋಗುವವರಿಗೆ ಬುತ್ತಿಯೇ ಅಂತ ಓದಿದ ಹುಡುಗಿ ರೇಚಲ್‌ಗೆ ನಾಚಿಕೆ. ನ್ಯೂ ಆರ್ಲಿಯನ್ಸ್‌ನಲ್ಲಿ ಅವರನ್ನು ವಿಮಾನದಿಂದ ಇಳಿಸಿದರು. ಅಲ್ಲಿನ ಹೋಟೆಲಿನಲ್ಲಿ ಊಟ ಕಟ್ಟಿಸಿಕೊಂಡು ಹೋಗಬಹುದು, ಕೂತು ಉಣ್ಣುವ ಹಾಗಿಲ್ಲ ಅಂದರು. ಆಗ ಹೊಟ್ಟೆಗಾದದ್ದು ತಾಯಿಯ ಬುತ್ತಿ. ಆ ಮುದುಕಿಗೆ ದಕ್ಷಿಣ ಗೊತ್ತಿತ್ತು.

ಮುಂದೆ ಪೆನ್ಸಕೋಲಾದಲ್ಲಿ ಮತ್ತೆ ವಿಮಾನದಿಂದ ಇಳಿಸಿ ಅವರ ಜಾಗಕ್ಕೆ ಬಿಳಿಯರನ್ನು ಹತ್ತಿಸಿದರು. ಕೊನೆಗೆ ಬಸ್ಸು. ಬಸ್ಸಿನ ಚಾಲಕ ಹಿಂದಕ್ಕೆ ಹೋಗಿ ಅಂದ. ಎರಡು ವರ್ಷದ ಹಿಂದೆ ಸೈನ್ಯದ ಬಸ್ಸಿನಲ್ಲಿ ಅಲುಗದೆ ಕೂತಿದ್ದ ಅದೇ ಮನುಷ್ಯ ಈಗ ಎದ್ದು ಹಿಂದಿನ ಸೀಟಿಗೆ ಹೋದ. ತಾನು ಜಗಳಕ್ಕೆ ನಿಂತರೆ ತನ್ನ ಹಿಂದೆ ಬರಬೇಕಾದ ಎಷ್ಟೋ ಹುಡುಗರ ದಾರಿ ಮುಚ್ಚುತ್ತದೆ ಅಂತ ನುಂಗಿಕೊಂಡ. ಈ ನುಂಗುವಿಕೆಯನ್ನು ಬಿಳಿಯ ಲೇಖಕರು ತಾಳ್ಮೆ ಅಂತ ಹೊಗಳುತ್ತಾರೆ. ಅದು ತಾಳ್ಮೆ ಅಲ್ಲ. ಅದಕ್ಕೆ ಬೇರೆ ಹೆಸರಿದೆ, ಉಂಡವರಿಗೇ ಗೊತ್ತು.

ಡೇಟೋನಾ ಬೀಚ್ ಸೇರಿದ ಮೇಲೆ ತಾಲೀಮು ಸ್ಯಾನ್‌ಫರ್ಡ್ ಅನ್ನೋ ಊರಲ್ಲಿ. ಜೊತೆಗೆ ಜಾನ್ ರೈಟ್ ಅನ್ನೋ ಇನ್ನೊಬ್ಬ ಕರಿಯ ಎಸೆತಗಾರ. ಇಬ್ಬರೂ ಒಬ್ಬ ಕರಿಯ ವ್ಯಾಪಾರಿಯ ಮನೆಯಲ್ಲಿ ಇಳಿದುಕೊಂಡಿದ್ದರು. ಎರಡನೇ ದಿನ ಒಬ್ಬ ಬಿಳಿಯ ಬಂದು, ರಾತ್ರಿಯೊಳಗೆ ಇವರು ಊರು ಬಿಡದಿದ್ದರೆ ಜನ ಗುಂಪು ಕಟ್ಟಿ ಬರುತ್ತಾರೆ ಅಂತ ಎಚ್ಚರಿಸಿಹೋದ. ಅವತ್ತೇ ಕಾರು ಹತ್ತಿ ಡೇಟೋನಾಕ್ಕೆ ವಾಪಸಾದರು. ಅಲ್ಲಿಯೂ ಬಿಳಿಯ ಆಟಗಾರರು ಕಡಲ ದಂಡೆಯ ಹೋಟೆಲಿನಲ್ಲಿ, ರಾಬಿನ್ಸನ್ ದಂಪತಿಗಳು ಕರಿಯರ ಕೇರಿಯಲ್ಲಿ ಜೋ ಹ್ಯಾರಿಸ್ ಅನ್ನುವವರ ಮನೆಯಲ್ಲಿ.

1946ರ ಮಾರ್ಚ್ 17, ಭಾನುವಾರ. ಡೇಟೋನಾದ ಮೈದಾನದಲ್ಲಿ ರಾಬಿನ್ಸನ್ ಬಿಳಿಯರ ಜೊತೆ ಆಡಿದ. ನೋಡಲು ಬಂದ ಸುಮಾರು ನಾಲ್ಕು ಸಾವಿರ ಜನರಲ್ಲಿ ಸಾವಿರದಷ್ಟು ಕರಿಯರು. ಇಗರ್ಜಿ ಮುಗಿಸಿಕೊಂಡು ಹಬ್ಬದ ಬಟ್ಟೆಯಲ್ಲೇ ಬಂದವರು. ಅವರಿಗೆ ಪ್ರತ್ಯೇಕ ಮೂಲೆ. ರಾಬಿನ್ಸನ್ ಅವತ್ತು ಚೆಂಡನ್ನು ನೆಟ್ಟಗೆ ಬಾರಿಸಲೂ ಇಲ್ಲ. ಆದರೆ ಆ ಮೂಲೆಯ ಜನಕ್ಕೆ ಅವನು ದೊಣ್ಣೆ ಹಿಡಿದು ನಿಂತದ್ದೇ ಸಾಕಾಗಿತ್ತು.

ಬೇರೆ ಊರುಗಳಲ್ಲಿ ನಡೆದದ್ದು ಕೇಳಿ. ಜಾಕ್ಸನ್‌ವಿಲ್‌ನಲ್ಲಿ ತಂಡ ಹೋಗುವಷ್ಟರಲ್ಲಿ ಮೈದಾನದ ಬಾಗಿಲಿಗೆ ಬೀಗ. ಡಿಲ್ಯಾಂಡ್‌ನಲ್ಲಿ ದೀಪಗಳು ಕೆಟ್ಟಿವೆ, ಪಂದ್ಯ ಇಲ್ಲ ಅಂದರು. ಪಂದ್ಯ ಇದ್ದದ್ದು ಹಾಡುಹಗಲಲ್ಲಿ! ಸ್ಯಾನ್‌ಫರ್ಡ್‌ಗೆ ಏಪ್ರಿಲ್‌ನಲ್ಲಿ ಮತ್ತೆ ಹೋದಾಗ ಆಟದ ನಡುವೆಯೇ ಪೊಲೀಸ್ ಮುಖ್ಯಸ್ಥ ಬಂದು ಇವನನ್ನು ಹೊರಗೆ ಕಳಿಸಿ ಅಂದ. ದೇವಸ್ಥಾನದ ಕೀಲಿಕೈ ಕಳೆದಿದೆ, ಬಾವಿಗೆ ಔಷಧಿ ಹಾಕಿದೆ ಅಂತ ನಮಗೆ ಹೇಳುವವರ ಅಣ್ಣತಮ್ಮಂದಿರು ಅಲ್ಲಿಯೂ ಇದ್ದರು.

ಜಾನ್ ರೈಟ್ ಏನಾದ? ಅದೇ ವರ್ಷ ಕೆಳಗಿನ ತಂಡಕ್ಕೆ ತಳ್ಳಿದರು, ಮುಂದೆ ಮರೆತುಬಿಟ್ಟರು. ಒಬ್ಬನನ್ನು ಮೆರೆಸಿ, ಪಕ್ಕದಲ್ಲಿ ನಡೆದವನನ್ನು ಮರೆಯುವ ಚರಿತ್ರೆಯನ್ನು ನಾವಾದರೂ ಓದಬಾರದು.

4

ಈ ಸುದ್ದಿಯೆಲ್ಲ ಜನಕ್ಕೆ ತಿಳಿದದ್ದು ಹೇಗೆ? ದೊಡ್ಡ ಪತ್ರಿಕೆಗಳು ಬಹುಪಾಲು ಓಟ, ಹೊಡೆತಗಳ ಲೆಕ್ಕ ಬರೆದು ಸುಮ್ಮನಾದವು. ತಾಲೀಮಿನ ಒಳಗಿನ ಬದುಕನ್ನು ಬರೆದವರು ಕರಿಯರ ಪತ್ರಿಕೆಗಳ ಬರಹಗಾರರು. ಬಾಲ್ಟಿಮೋರ್‌ನ ಪತ್ರಿಕೆಯಿಂದ ಸ್ಯಾಮ್ ಲೇಸಿ, ಪಿಟ್ಸ್‌ಬರ್ಗ್ ಕೂರಿಯರ್ ವಾರಪತ್ರಿಕೆಯಿಂದ ವೆಂಡೆಲ್ ಸ್ಮಿತ್.

ಸ್ಮಿತ್ ಹುಡುಗನಾಗಿದ್ದಾಗ ಡೆಟ್ರಾಯಿಟ್‌ನಲ್ಲಿ ಒಳ್ಳೆಯ ಎಸೆತಗಾರ. ಒಂದು ಮುಖ್ಯ ಪಂದ್ಯ ಗೆಲ್ಲಿಸಿದ. ನೋಡಲು ಬಂದಿದ್ದ ದೊಡ್ಡ ತಂಡದ ಪ್ರತಿನಿಧಿ ಸೋತ ತಂಡದ ಎಸೆತಗಾರನನ್ನು ತೆಗೆದುಕೊಂಡ. ನಿನ್ನನ್ನೂ ತೆಗೆದುಕೊಳ್ಳಬೇಕಿತ್ತು, ಆದರೆ ಆಗೋದಿಲ್ಲ ಅಂತ ಇವನಿಗೆ ಹೇಳಿಹೋದ. ಸ್ಮಿತ್ ಅವತ್ತು ಅತ್ತು, ಆಮೇಲೆ ಲೇಖನಿ ಹಿಡಿದ. ರಾಬಿನ್ಸನ್ ಹೆಸರನ್ನು ರಿಕಿಗೆ ಹೇಳಿದವನು ಇವನೇ. 1946ರ ಆ ವಸಂತದಲ್ಲಿ ಕಾರು ಓಡಿಸಿದವನು, ಉಳಿಯಲು ಕರಿಯರ ಮನೆ ಹುಡುಕಿದವನು, ಊಟದ ಪೊಟ್ಟಣ ತಂದವನು, ಆಟ ಬಿಟ್ಟು ಹೋಗ್ತೇನೆ ಅಂತ ಕುದಿಯುತ್ತಿದ್ದ ರಾಬಿನ್ಸನ್‌ಗೆ ರಾತ್ರಿಯೆಲ್ಲ ಕೂತು ಸಮಾಧಾನ ಹೇಳಿದವನು ಇವನೇ. ಇಷ್ಟಾಗಿಯೂ ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಅವನಿಗೆ ಆಗ ಜಾಗ ಇರಲಿಲ್ಲ. ನಿಮ್ಮದು ದಿನಪತ್ರಿಕೆ ಅಲ್ಲ ಅನ್ನೋ ನೆಪ. ದಿನಪತ್ರಿಕೆಗಳು ಕರಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಈ ಜಾಣತನ ಹೇಗಿದೆ ನೋಡಿ.

1947ರ ಹೊತ್ತಿಗೆ ಕೂರಿಯರ್ ಪತ್ರಿಕೆ ಮೂರು ಲಕ್ಷಕ್ಕೂ ಹೆಚ್ಚು ಪ್ರತಿ ಮಾರುತ್ತಿತ್ತು. ಕರಿಯರ ಪತ್ರಿಕೆಗಳ ಕಟ್ಟುಗಳನ್ನು ದಕ್ಷಿಣದ ಊರುಗಳಿಗೆ ಒಯ್ದವರು ರೈಲಿನ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಕರಿಯ ನೌಕರರು. ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದರು. ಡಾಡ್ಜರ್ಸ್ ಇದ್ದದ್ದು ನ್ಯೂಯಾರ್ಕ್ ಪಟ್ಟಣದ ಬ್ರೂಕ್ಲಿನ್‌ನಲ್ಲಿ. ಆ ಊರನ್ನು ಕನಸಲ್ಲೂ ಕಾಣದ ಅಲಬಾಮಾದ ಹತ್ತಿ ಹೊಲದ ಕೂಲಿ, ಷಿಕಾಗೋದ ಕಸಾಯಿಖಾನೆಯ ಕೂಲಿ, ಎಲ್ಲರೂ ನಮ್ಮ ತಂಡ ಅನ್ನತೊಡಗಿದರು. ಬಿಳಿಯ ಅಭಿಮಾನಿಗೆ ತಾಲೀಮಿನ ಸುದ್ದಿ ಅಂದರೆ ಈ ವರ್ಷ ಗೆಲ್ತೀವಾ ಅನ್ನೋ ಆಸೆ. ಕರಿಯ ಅಭಿಮಾನಿಗೆ ಅದು ಇವತ್ತು ನಮ್ಮ ಹುಡುಗನನ್ನು ಆಡಲು ಬಿಟ್ಟರಾ, ರಾತ್ರಿ ಎಲ್ಲಿ ಮಲಗಿದ, ಜೀವ ಸಮೇತ ಬಂದನಾ ಅನ್ನೋ ಆತಂಕ.

5

ಫ್ಲೋರಿಡಾದ ಈ ರಗಳೆ ಬೇಡ ಅಂತ ರಿಕಿ 1947ರ ತಾಲೀಮನ್ನು ಕ್ಯೂಬಾದ ಹವಾನಾಕ್ಕೆ ಒಯ್ದ. ಹವಾನಾದ ಮೈದಾನಗಳಲ್ಲಿ ಕರಿಯರು, ಬಿಳಿಯರು ಕೂಡಿ ಆಡುತ್ತಿದ್ದರು. ಬೇರೆ ಇಡಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಆದರೂ ಡಾಡ್ಜರ್ಸ್ ಆಟಗಾರರು ದೊಡ್ಡ ನ್ಯಾಷನಲ್ ಹೋಟೆಲಿನಲ್ಲಿ, ಮಾಂಟ್ರಿಯಲ್‌ನ ಬಿಳಿಯ ಹುಡುಗರು ಒಂದು ಸೈನಿಕ ಶಾಲೆಯಲ್ಲಿ. ರಾಬಿನ್ಸನ್, ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕಂಬ್, ರಾಯ್ ಪಾರ್ಟ್‌ಲೋ ನಾಲ್ವರು ಮಾತ್ರ ಒಂದು ಅಗ್ಗದ ಹೋಟೆಲಿನಲ್ಲಿ. ಕ್ಯೂಬಾದವರ ಕಾನೂನೇ ಇದು ಅಂತ ರಾಬಿನ್ಸನ್ ಕೇಳಿದ. ಅಲ್ಲ, ರಿಕಿಯದೇ ಏರ್ಪಾಡು ಅಂತ ತಿಳಿಯಿತು. ಜಗಳ ಆಗದಿರಲಿ ಅಂತ ಮುಂಜಾಗ್ರತೆಯಂತೆ! ನಮ್ಮನ್ನು ಮೇಲೆತ್ತಲು ಬಂದವರು ಬೇಲಿಯನ್ನೂ ಜೊತೆಗೇ ಹೊತ್ತುಕೊಂಡು ಬರುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಅದೇ ತಾಲೀಮಿನಲ್ಲಿ ಡಾಡ್ಜರ್ಸ್ ತಂಡದ ಕೆಲವು ಬಿಳಿಯ ಆಟಗಾರರು ರಾಬಿನ್ಸನ್ ಜೊತೆ ಆಡೋದಿಲ್ಲ ಅಂತ ಅರ್ಜಿಗೆ ಸಹಿ ಹಾಕಿಸಲು ಹೊರಟರು. ಪನಾಮಾದಲ್ಲಿದ್ದಾಗ ತರಬೇತುದಾರ ಲಿಯೋ ಡುರೋಚರ್ ನಡುರಾತ್ರಿ ಎಲ್ಲರನ್ನೂ ಎಬ್ಬಿಸಿ ಬೈದ. ಇವನಿಂದ ನಿಮ್ಮ ಜೇಬಿಗೆ ದುಡ್ಡು ಬರುತ್ತೆ, ಅರ್ಜಿ ಮಡಿಚಿಟ್ಟುಕೊಳ್ಳಿ ಅನ್ನೋ ಅರ್ಥದ ಮಾತು. ಆನ್ಸನ್ ಕಾಲದ ನ್ಯಾಯವೇ ಮತ್ತೆ ಬಂತು. ನ್ಯಾಯಕ್ಕೆ ಬಗ್ಗದವರು ದುಡ್ಡಿಗೆ ಬಗ್ಗಿದರು. ಏಪ್ರಿಲ್ 15 ಬಂತು, ರಾಬಿನ್ಸನ್ ಬ್ರೂಕ್ಲಿನ್‌ನಲ್ಲಿ ಆಡಿದ.

6

ಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ತಾಲೀಮಿನ ಕಥೆ ಮುಗಿಯೋದಿಲ್ಲ.

ಫ್ಲೋರಿಡಾದ ವೀರೋ ಬೀಚ್‌ನಲ್ಲಿ ಯುದ್ಧಕಾಲದ ನೌಕಾಪಡೆಯ ವಿಮಾನ ನೆಲೆಯೊಂದು ಖಾಲಿ ಬಿದ್ದಿತ್ತು. 1948ರಲ್ಲಿ ಡಾಡ್ಜರ್ಸ್ ಅದನ್ನು ಹಿಡಿದು ತಮ್ಮದೇ ಶಿಬಿರ ಮಾಡಿಕೊಂಡರು. ಡಾಡ್ಜರ್‌ಟೌನ್ ಅಂತ ಹೆಸರು. ಒಳಗೆ ಕರಿಯರು, ಬಿಳಿಯರು ಒಂದೇ ಸಾಲಿನ ಕೋಣೆಗಳಲ್ಲಿ ಮಲಗಿದರು, ಒಂದೇ ಪಂಕ್ತಿಯಲ್ಲಿ ಉಂಡರು. ದಕ್ಷಿಣದಲ್ಲಿ ಆಗ ಇದು ಸಣ್ಣ ಮಾತಲ್ಲ. ಆದರೆ ಬೇಲಿ ದಾಟಿದರೆ ಅದೇ ಹಳೆಯ ಊರು. ಕೂದಲು ಕತ್ತರಿಸಿಕೊಳ್ಳೋಕೆ, ಒಂದು ಸಂಜೆ ಕಳೆಯೋಕೆ ಕರಿಯ ಆಟಗಾರರು ಗಿಫರ್ಡ್ ಅನ್ನೋ ಕರಿಯರ ಕೇರಿಗೇ ಹೋಗಬೇಕು. ಕ್ಷೌರದಂಗಡಿಯ ಕಥೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಿಬಿರದ ಮೈದಾನದಲ್ಲಿಯೂ ನೋಡುವ ಜನಕ್ಕೆ ಬೇರೆ ಬೇರೆ ಗ್ಯಾಲರಿ, ಬೇರೆ ನಲ್ಲಿ, ಬೇರೆ ಪಾಯಿಖಾನೆ. ರಾಬಿನ್ಸನ್ 1949ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಅವನನ್ನು ನೋಡಲು ಬಂದ ಅವನ ಜನ ಮೂಲೆಯಲ್ಲೇ ಕೂತರು.

ತಾಲೀಮು ಮುಗಿಸಿ ಉತ್ತರಕ್ಕೆ ಮರಳುವಾಗ ತಂಡ ದಾರಿಯ ಊರುಗಳಲ್ಲಿ ಪಂದ್ಯ ಆಡುತ್ತಾ ಹೋಗುತ್ತಿತ್ತು. 1949ರ ಏಪ್ರಿಲ್‌ನಲ್ಲಿ ಜಾರ್ಜಿಯಾದ ಅಟ್ಲಾಂಟಾದಲ್ಲಿ ಮೂರು ಪಂದ್ಯ. ಕರಿಯರು ಬಿಳಿಯರ ಜೊತೆ ಆಡುವಂತಿಲ್ಲ ಅಂತ ಕು ಕ್ಲಕ್ಸ್ ಕ್ಲಾನ್‌ನ ಮುಖಂಡ ಬೆದರಿಕೆ ಹಾಕಿದ. ತಂಡ ಹೋಯಿತು, ಆಡಿತು. ಭಾನುವಾರದ ಪಂದ್ಯಕ್ಕೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಅರ್ಧಕ್ಕಿಂತ ಹೆಚ್ಚು ಕರಿಯರೇ. ಕ್ಲಾನ್ ಇದ್ದ ಊರಿನಲ್ಲಿ ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೋಗಿ ಕೂರೋದು ಅಂದರೆ ಏನು ಅಂತ ಯೋಚಿಸಿ. ಆ ಜನ ಆಟ ನೋಡಲಷ್ಟೇ ಹೋಗಿರಲಿಲ್ಲ.

ಅಲಬಾಮಾದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಕರಿಯರು, ಬಿಳಿಯರು ಜೊತೆಯಾಗಿ ಇಸ್ಪೀಟೂ ಆಡಬಾರದು ಅಂತ ನಗರಸಭೆಯ ಕಾನೂನೇ ಇತ್ತು. ಮುಂದೆ ಅದನ್ನು ಬೇಸ್‌ಬಾಲಿಗೂ ಹಿಗ್ಗಿಸಿದರು. 1954ರ ಜನವರಿಯಲ್ಲಿ ಬೇಸ್‌ಬಾಲನ್ನು ಬಿಟ್ಟುಕೊಟ್ಟರು. ಜೂನ್‌ನಲ್ಲಿ ಮತದಾನ ನಡೆಸಿ ಮತ್ತೆ ನಿಷೇಧ ತಂದರು.

ಇನ್ನು ಬಿಸಿಲಿನ ಅರಿಜೋನಾ? ದೊಡ್ಡ ಲೀಗಿನಲ್ಲಿ ಕಟ್ಟಕಡೆಗೆ ಕರಿಯನನ್ನು ಸೇರಿಸಿಕೊಂಡ ಬಾಸ್ಟನ್ ತಂಡ 1959ರಲ್ಲಿ ಅಲ್ಲಿನ ಸ್ಕಾಟ್ಸ್‌ಡೇಲ್‌ನಲ್ಲಿ ತಾಲೀಮು ಮಾಡುವಾಗ ಪಂಪ್ಸಿ ಗ್ರೀನ್ ಅನ್ನೋ ಆಟಗಾರ ತಂಡದ ಹೋಟೆಲ್ ಬಿಟ್ಟು ದೂರದ ಫೀನಿಕ್ಸ್‌ನಲ್ಲಿ ಒಬ್ಬನೇ ಇರಬೇಕಾಯಿತು. ರಾಬಿನ್ಸನ್ ಆಡಿ ಹನ್ನೆರಡು ವರ್ಷ ಆಗಿತ್ತು.

7

ಈ ಗೋಡೆ ಬಿದ್ದದ್ದು ಯಾರ ದಯದಿಂದಲೂ ಅಲ್ಲ. 1960ರಲ್ಲಿ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರ ಊಟದ ಕಟ್ಟೆಯ ಮುಂದೆ ಹೋಗಿ ಕೂತರು. ಆ ಕಿಡಿ ಊರೂರಿಗೆ ಹಬ್ಬಿತು. 1961ರ ಜನವರಿಯಲ್ಲಿ ವೆಂಡೆಲ್ ಸ್ಮಿತ್ ಮತ್ತೆ ಬರೆಯತೊಡಗಿದ. ಈಗವನು ಷಿಕಾಗೋದ ದಿನಪತ್ರಿಕೆಯಲ್ಲಿದ್ದ. ನಮ್ಮ ಆಟಗಾರರು ಸಾವಿರಾರು ಜನರ ಮುಂದೆ ಮೆರೆದು ರಾತ್ರಿ ಹಿಂಬಾಗಿಲಿನಿಂದ ಯಾಕೆ ಹೋಗಬೇಕು ಅಂತ ಕೇಳಿದ.

ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎರಡು ದೊಡ್ಡ ತಂಡಗಳ ತಾಲೀಮು ನಡೆಯುತ್ತಿತ್ತು. ಅಲ್ಲಿನ ಕರಿಯರ ಸಂಘಟನೆಯ ಮುಂದಾಳು ರಾಲ್ಫ್ ವಿಂಬಿಶ್ ಅನ್ನೋ ವೈದ್ಯ. ವರ್ಷವರ್ಷವೂ ಕರಿಯ ಆಟಗಾರರಿಗೆ ಮನೆ ಹುಡುಕಿಕೊಡುತ್ತಿದ್ದವನು, ತನ್ನ ಮನೆಯಲ್ಲೇ ಇರಿಸಿಕೊಂಡವನು. ಆ ಜನವರಿ ಕೊನೆಗೆ ಪತ್ರಕರ್ತರನ್ನು ಕರೆದು, ಇನ್ನು ಮೇಲೆ ನಾನು ಮನೆ ಹುಡುಕಿಕೊಡೋದಿಲ್ಲ, ತಂಡದವರು ತಮ್ಮ ಆಟಗಾರರನ್ನು ತಮ್ಮ ಜೊತೆಗೇ ಇರಿಸಿಕೊಳ್ಳಲಿ ಅಂದ. ಇದು ಬಹಳ ದೊಡ್ಡ ಏಟು. ಇಷ್ಟು ವರ್ಷ ಕೇರಿಯ ಜನರ ಆತಿಥ್ಯವೇ ಬಿಳಿಯ ಹೋಟೆಲುಗಳ ಅನ್ಯಾಯವನ್ನು ಕಾಪಾಡಿತ್ತು. ನಮ್ಮ ಒಳ್ಳೆಯತನದ ಮೇಲೆ ಅವರ ವ್ಯವಸ್ಥೆ ನಿಂತಿದೆ ಅಂತ ಕಂಡುಕೊಂಡು, ಆ ಕಂಬವನ್ನು ಆತ ಎಳೆದ.

ಮಾರ್ಚ್‌ನಲ್ಲಿ ಆ ಊರಿನ ವರ್ತಕರ ಸಂಘ ಆಟಗಾರರಿಗೆ ಉಪಾಹಾರ ಏರ್ಪಡಿಸಿತು. ಕರಿಯರಿಗೆ ಕರೆ ಇಲ್ಲ. ಸೇಂಟ್ ಲೂಯಿಸ್ ತಂಡದ ಬಿಲ್ ವೈಟ್ ಇದನ್ನು ಪತ್ರಕರ್ತನಿಗೆ ಬಾಯಿಬಿಟ್ಟು ಹೇಳಿದ. ಸುದ್ದಿ ದೇಶದ ತುಂಬ ಹರಡಿತು. ಆ ತಂಡದ ಮಾಲೀಕರು ಬಿಯರ್ ಮಾಡುವ ಕಂಪನಿಯವರು. ಅವರ ಬಿಯರ್ ಬಹಿಷ್ಕರಿಸಿ ಅನ್ನೋ ಮಾತು ಕರಿಯರ ನಡುವೆ ಎದ್ದಿತು. ಆಗ ನೋಡಿ, ಮಾಲೀಕರಿಗೆ ಆತ್ಮಸಾಕ್ಷಿ ಎಚ್ಚರವಾಯಿತು! 1962ರಲ್ಲಿ ಇಡೀ ತಂಡ ಹೆಂಡಿರು ಮಕ್ಕಳ ಸಮೇತ ಒಂದೇ ವಸತಿಗೃಹದಲ್ಲಿ ಇಳಿಯಿತು. ಸ್ಟ್ಯಾನ್ ಮ್ಯೂಸಿಯಲ್‌ನಂಥ ಹೆಸರಾಂತ ಬಿಳಿಯ ಆಟಗಾರನೂ ತನ್ನ ಖಾಸಗಿ ಮನೆ ಬಿಟ್ಟು ಬಂದ. ನ್ಯೂಯಾರ್ಕ್ ಯಾಂಕೀಸ್ ತಂಡ ತನ್ನ ಹೋಟೆಲ್ ಒಪ್ಪದೇ ಹೋದಾಗ ಊರನ್ನೇ ಬಿಟ್ಟು ಫೋರ್ಟ್ ಲಾಡರ್‌ಡೇಲ್‌ಗೆ ಹೋಯಿತು. ಷಿಕಾಗೋದ ಒಂದು ತಂಡ ಸಾರಸೋಟಾದಲ್ಲಿ ಹೋಟೆಲನ್ನೇ ಕೊಂಡಿತು.

1962ರ ಹೊತ್ತಿಗೆ ವೀರೋ ಬೀಚ್‌ನಲ್ಲಿ ಟಾಮಿ ಡೇವಿಸ್ ಮೊದಲಾದ ಡಾಡ್ಜರ್ಸ್ ಆಟಗಾರರು ಗ್ಯಾಲರಿಯ ಭೇದ ತೆಗೆಯಿರಿ ಅಂತ ಕೇಳಿದರು. ಫಲಕಗಳನ್ನು ಕಿತ್ತರು. ಮರುದಿನ ಕರಿಯ ಜನ ಬಂದರು, ಹಳೆಯ ಮೂಲೆಗೇ ಹೋಗಿ ಕೂತರು. ಆಟಗಾರರೇ ಮೈದಾನದಿಂದ ಹೋಗಿ, ಏಳಿ, ಎಲ್ಲಿ ಬೇಕಾದರೂ ಕೂರಬಹುದು ಅಂತ ಅವರನ್ನು ಎಬ್ಬಿಸಿ ಕಳಿಸಬೇಕಾಯಿತು. ಫಲಕ ಕೀಳೋದು ಒಂದು ದಿನದ ಕೆಲಸ. ಕಾಲಿಗೆ ಹತ್ತಿದ ಅಭ್ಯಾಸ ಬಿಡಿಸೋದಕ್ಕೆ ನಮ್ಮವರೇ ಹೋಗಿ ಕೈಹಿಡಿದು ಎಬ್ಬಿಸಬೇಕು. ಈ ಒಂದು ಘಟನೆಯನ್ನು ನಮ್ಮ ಕಾರ್ಯಕರ್ತರು ನೆನಪಿಟ್ಟುಕೊಳ್ಳಬೇಕು.

ಹೋಟೆಲು, ಊಟದ ಮನೆಗಳಲ್ಲಿ ಭೇದ ಮಾಡುವುದನ್ನು ದೇಶದ ಕಾನೂನೇ ತಡೆದದ್ದು 1964ರಲ್ಲಿ.

8

ಈಗ ನಮ್ಮ ಕಡೆ ತಿರುಗೋಣ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಚಮ್ಮಾರ ಜಾತಿಯವನು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಉರುಳಿಸುತ್ತಾ, ಸಾಹೇಬರಿಗೆ ಅಭ್ಯಾಸಕ್ಕೆ ಚೆಂಡು ಎಸೆಯುತ್ತಾ, ಆ ಕಾಲದ ಶ್ರೇಷ್ಠ ಎಡಗೈ ಬೌಲರ್ ಆದ. ಬಿಳಿಯರನ್ನು ಸೋಲಿಸಬೇಕಾದಾಗ ಪುಣೆಯ ಹಿಂದೂ ಕ್ರಿಕೆಟಿಗರಿಗೆ ಅವನು ಬೇಕಾದ. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಬ್ರಾಹ್ಮಣ ಆಟಗಾರರೂ ಮುಟ್ಟಿದರು. ಚಹಾದ ಹೊತ್ತಿಗೆ ಅವರೆಲ್ಲ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲಿಲ್ಲ. ಗಲಾಟೆ, ಪ್ರತಿಭಟನೆ ಆದ ಮೇಲೆ 1923ರಲ್ಲಿ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ಡೇಟೋನಾದ ಮೈದಾನಕ್ಕೂ ಪುಣೆಯ ಮೈದಾನಕ್ಕೂ ಎಷ್ಟು ದೂರ ಅಂತ ಭೂಗೋಳದ ಮೇಷ್ಟ್ರು ಹೇಳಲಿ.

ರಾಬಿನ್ಸನ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಅದೇ 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು. ವಿಶ್ವಸಂಸ್ಥೆಗೆ ಕರಿಯರು ಕೊಡುತ್ತಿದ್ದ ಮನವಿಯ ಪ್ರತಿ ಬೇಕು ಅಂತ ಕೇಳಿದರು. ಡುಬಾಯ್ಸ್ ಉತ್ತರವನ್ನೂ ಬರೆದರು. 1972ರಲ್ಲಿ ಮುಂಬಯಿಯ ದಲಿತ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನೇ ಎರವಲು ಪಡೆದು ದಲಿತ ಪ್ಯಾಂಥರ್ ಕಟ್ಟಿದರು. ರಾಬಿನ್ಸನ್ ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಸಾಯುವ ಒಂಬತ್ತು ದಿನ ಮುಂಚೆ ತುಂಬಿದ ಮೈದಾನದಲ್ಲಿ ಸನ್ಮಾನ ಮಾಡಿದಾಗ, ತಂಡ ನಡೆಸುವ ಜಾಗದಲ್ಲಿ ಒಂದು ಕರಿಯ ಮುಖ ಕಾಣುವ ಆಸೆ ಇದೆ ಅಂದ. ಅವನ ಜೊತೆ ಹೆಗಲು ಕೊಟ್ಟ ಸ್ಮಿತ್ ಮರುತಿಂಗಳೇ ತೀರಿಕೊಂಡ.

9

ಈಗ ಪ್ರತಿ ಏಪ್ರಿಲ್ 15ರಂದು ದೊಡ್ಡ ಲೀಗಿನ ಎಲ್ಲ ಆಟಗಾರರೂ ರಾಬಿನ್ಸನ್‌ನ 42ನೇ ಸಂಖ್ಯೆಯ ಅಂಗಿ ತೊಡುತ್ತಾರೆ. ಡೇಟೋನಾದ ಆ ಮೈದಾನಕ್ಕೆ ಅವನದೇ ಹೆಸರಿದೆ. ಡಾಡ್ಜರ್ಸ್ 1958ರಲ್ಲೇ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್ ಸೇರಿದರು, ವೀರೋ ಬೀಚನ್ನೂ ಬಿಟ್ಟು 2009ರಿಂದ ಅರಿಜೋನಾದಲ್ಲಿ ತಾಲೀಮು ಮಾಡುತ್ತಾರೆ. ಆದರೆ 1981ರಲ್ಲಿ ಆಟಗಾರರಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಅಮೆರಿಕದ ಕರಿಯರು 2024ರಲ್ಲಿ ನೂರಕ್ಕೆ ಆರಕ್ಕಿಳಿದರು. ರಾಬಿನ್ಸನ್‌ನನ್ನು ಓಡಿಸಿದ ಅದೇ ಸ್ಯಾನ್‌ಫರ್ಡ್‌ನಲ್ಲಿ 2012ರ ಫೆಬ್ರವರಿಯಲ್ಲಿ ಟ್ರೇವನ್ ಮಾರ್ಟಿನ್ ಅನ್ನೋ ಹದಿನೇಳು ವರ್ಷದ ನಿರಾಯುಧ ಹುಡುಗನನ್ನು ಗುಂಡಿಟ್ಟು ಕೊಂದರು. ಕೊಂದವನು ಖುಲಾಸೆಯಾದ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ರಾಬಿನ್ಸನ್‌ನ ಸೈನ್ಯದ ಸೇವೆಯ ಬಗೆಗಿನ ಬರಹವನ್ನೇ ತನ್ನ ಪುಟದಿಂದ ತೆಗೆದುಹಾಕಿತು. ಜನ ಗಲಾಟೆ ಮಾಡಿದ ಮೇಲೆ ವಾಪಸು ಹಾಕಿತು. ಅಂಗಿ ತೊಡಿಸುವವರೂ ಇದ್ದಾರೆ, ಹೆಸರು ಅಳಿಸುವವರೂ ಇದ್ದಾರೆ.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ ಕೊನೆಯದಾಗಿ ಒಂದು ಮಾತು. ಮಕ್ಕಳಿಗೆ ರಾಬಿನ್ಸನ್ ಕಥೆ ಹೇಳಿ, ಬಾಳೂ ಕಥೆ ಹೇಳಿ. ಹೇಳುವಾಗ ಬುತ್ತಿ ಕಟ್ಟಿದ ಮ್ಯಾಲಿಯನ್ನು, ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತ ರೇಚಲ್‌ಳನ್ನು, ಮರೆತುಹೋದ ಜಾನ್ ರೈಟ್‌ನನ್ನು, ಸ್ಮಿತ್‌ನನ್ನು, ವಿಂಬಿಶ್‌ನನ್ನು ಬಿಡಬೇಡಿ. ಆಮೇಲೆ ನಿಮ್ಮ ಶಾಲೆಯ ಕಬಡ್ಡಿ, ಖೋ ಖೋ ತಂಡವನ್ನು ಪಕ್ಕದ ಊರಿಗೆ ಪಂದ್ಯಕ್ಕೆ ಕರೆದುಕೊಂಡು ಹೋದಾಗ ಆಟವನ್ನಷ್ಟೇ ನೋಡಬೇಡಿ. ಆಟ ಮುಗಿದ ಮೇಲೆ ನಮ್ಮ ಕೇರಿಯ ಹುಡುಗರು ಯಾವ ಲೋಟದಲ್ಲಿ ನೀರು ಕುಡಿದರು, ಎಲ್ಲಿ ಕೂತು ಉಂಡರು, ರಾತ್ರಿ ಯಾರ ಜಗುಲಿಯ ಮೇಲೆ ಮಲಗಿದರು ನೋಡಿ. ನೋಡಿದ್ದನ್ನು ಬರೆದು ಕಳಿಸಿ. ನಾವು ಅಚ್ಚು ಹಾಕುತ್ತೇವೆ.